ಕಮಾನಿನ ಮೂಲೆಯ ಹೆಬ್ಬೆಟ್ಟು

ಪಾದ್ರಿ ಮನೆಯ ಅಡುಗೆಕೋಣೆ
ಮಾರ್ಚ್ ಹದಿನಾಲ್ಕು, ಮಧ್ಯಾಹ್ನ

ಪ್ರೀತಿಯ ಅಕ್ಕ,

ಸುಣ್ಣದ ಕೈಯಲ್ಲೇ ಬರೆಯುತ್ತಿದ್ದೇನೆ, ಕಾಗದ ಬೆಳ್ಳಗಾಗಿದ್ದರೆ ಬೈಯಬೇಡ. ನಿನ್ನೆಯಿಂದ ನನಗೆ ತಲೆಬುಡ ತಿಳಿಯುತ್ತಿಲ್ಲ. ನಿನ್ನನ್ನಲ್ಲದೆ ಇನ್ಯಾರನ್ನು ಕೇಳಲಿ?

ಅಪ್ಪ ಗಾರೆ ಕೆಲಸಕ್ಕೆ ಹೋಗುತ್ತಿದ್ದ ಪಾದ್ರಿ ಮನೆ ನೆನಪಿದೆಯಲ್ಲ, ಚರ್ಚಿನ ಹಿಂದೆ ಇರುವುದು, ಬ್ರಿಟಿಷ್ ದೊರೆಗಳ ಕಾಲದ್ದು? ಅದನ್ನು ಕೆಡವಿ ಕಾರು ನಿಲ್ಲಿಸುವ ಜಾಗ ಮಾಡೋಣ ಎನ್ನುವವರು ಕೆಲವರು, ಉಳಿಸೋಣ ಎನ್ನುವವರು ಕೆಲವರು. ಉಳಿಸುವವರು ನನ್ನನ್ನು ಕರೆದಿದ್ದಾರೆ. ಮೇಲೆ ಮೆತ್ತಿದ ಸಿಮೆಂಟು ಕಿತ್ತು ಒಳಗಿನ ಸುಣ್ಣದ ಗಾರೆಯನ್ನು ಹೊರಗೆ ತರುವುದು ನನ್ನ ಕೆಲಸ.

ಛಾವಣಿ ಎರಡು ಸಲ ಬದಲಾಗಿದೆ, ನೆಲ ಮೊನ್ನೆ ಮೊನ್ನೆಯದು. ಮೊದಲ ಪಾದ್ರಿ ಕಟ್ಟಿಸಿದ್ದೆಂದು ತೋರಿಸಲು ಉಳಿದಿರುವುದು ಅಡುಗೆಕೋಣೆಯ ಕಮಾನು ಒಂದೇ. ಮುಂದಿನ ವಾರ ಪುರಾತತ್ವ ಇಲಾಖೆಯ ಪರೀಕ್ಷಕರು ಬರುತ್ತಾರೆ. ಕಮಾನು ಹಳೆಯದು ಎಂದರೆ ಮನೆ ಉಳಿಯಿತು, ಇಲ್ಲವೆಂದರೆ ಹೋಯಿತು.

ನಿನ್ನೆ ಅದರ ಸಿಮೆಂಟು ಬಿಡಿಸಿದೆ. ಒಳಗೆ ಗಾರೆ ಬೆಣ್ಣೆಯ ಹಾಗಿತ್ತು. ಉಳಿಸುವವರ ಕಡೆಯ ವಾಸ್ತುಶಿಲ್ಪಿ ಮೇಡಂ ಅದರ ಮೇಲೆ ಕೈಯಾಡಿಸಿ, "ಇಂಥ ಕೈ ಈಗೆಲ್ಲಿ ಸಿಗತ್ತೆ ಹೇಳಿ? ನೂರೈವತ್ತು ವರ್ಷದ ಹಿಂದಿನೋರ ಕೆಲಸ ಅಂದ್ರೆ ಇದು," ಎಂದರು. ನಾನೂ ಹೂಂ ಎಂದು ತಲೆಯಾಡಿಸಿದೆ.

ಅವರು ಹೋದ ಮೇಲೆ ಕೆಳಗಿನ ಮೂಲೆ ಒರೆಸಿದರೆ ಅಲ್ಲೊಂದು ಹೆಬ್ಬೆಟ್ಟಿನ ಗುರುತು, ನಡುವೆ ಅಡ್ಡ ಗಾಯದ ಗೆರೆ. ಕೆಲಸ ಮುಗಿದ ಮೇಲೆ ಹಸಿ ಗಾರೆಗೆ ಹೆಬ್ಬೆಟ್ಟು ಒತ್ತಿ, ಇದೇ ನನ್ನ ಸಹಿ ಎಂದು ನಗುತ್ತಿದ್ದವನು ಅಪ್ಪನಲ್ಲದೆ ಇನ್ಯಾರು? ಅಕ್ಕ, ಅಲ್ಲೇ ಕೂತು ಅತ್ತುಬಿಟ್ಟೆ. ಸಂತೋಷವೋ ಭಯವೋ, ಈಗಲೂ ಗೊತ್ತಿಲ್ಲ.

ಅಪ್ಪ ಕಮಾನನ್ನೇ ಕಟ್ಟಿದನೋ, ಹಳೆಯ ಕಮಾನಿಗೆ ಗಾರೆ ಮಾತ್ರ ಬಳಿದನೋ? ಇಟ್ಟಿಗೆ ನೋಡಿದರೆ ತಿಳಿಯುತ್ತದೆ, ಆದರೆ ಇಟ್ಟಿಗೆ ನೋಡಲು ಅಪ್ಪನ ಗಾರೆ ಒಡೆಯಬೇಕು. ಉಳಿ ಇಟ್ಟೆ, ಸುತ್ತಿಗೆ ಎತ್ತಿದೆ, ಕೈ ಬರಲಿಲ್ಲ. ಬಾಯಿಬಿಟ್ಟರೆ ಮನೆಯ ಜೊತೆಗೆ ಅಪ್ಪನ ಕೆಲಸವೂ ಮಣ್ಣುಪಾಲು. ಬಾಯಿ ಮುಚ್ಚಿದರೆ ಅದು ಯಾವನೋ ದೊರೆಯ ಕಾಲದವನ ಪಾಲು. ಅಂಥ ಕೈ ನಮ್ಮಪ್ಪನದು ಎಂದು ಆ ಮೇಡಂಗೆ ಹೇಳದೆ ಹೊಟ್ಟೆ ಉರಿಯುತ್ತಿದೆ. ಸದ್ಯಕ್ಕೆ ಮೂಲೆಗೆ ಗೋಣಿಚೀಲ ಮುಚ್ಚಿದ್ದೇನೆ.

ಅಪ್ಪ ಇಲ್ಲಿ ಕೆಲಸ ಮಾಡಿದ ವರ್ಷ ಶಾಲೆ ಬಿಟ್ಟು ಅವನಿಗೆ ಸುಣ್ಣ ಅರೆದುಕೊಟ್ಟವಳು ನೀನು. ನಾನು ಮರಳುಗುಡ್ಡೆಯ ಮೇಲೆ ಆಡುತ್ತಿದ್ದೆ. ಕಮಾನು ಆಗಲೇ ಇತ್ತೋ ಇಲ್ಲವೋ, ನಿನಗೆ ನೆನಪಿದ್ದರೆ ಬರೆ. ಬೇಡ, ಬರೆಯಬೇಡ, ಗೊತ್ತಾದ ಮೇಲೆ ಸುಮ್ಮನಿರುವುದು ನನ್ನಿಂದಾಗದು. ಆದರೂ ಬರೆ.

ನಿನ್ನ ಪೆದ್ದು ತಂಗಿ

ಮರೆತಿದ್ದೆ: ಗೋಣಿಚೀಲ ಎಂದದ್ದು ಸುಳ್ಳು. ಬೆಳಿಗ್ಗೆ ಹೊಸ ಗಾರೆ ಬಳಿದು ಅಪ್ಪನ ಗುರುತು ಮುಚ್ಚಿಬಿಟ್ಟೆ. ಮುಗಿಸಿ ಹಿಂದೆ ಸರಿದು ನೋಡಿದರೆ, ಅಪ್ಪನಿಂದ ಬಂದ ಅಭ್ಯಾಸಬಲ, ಅದೇ ಮೂಲೆಯಲ್ಲಿ ನನ್ನ ಹೆಬ್ಬೆಟ್ಟು. ಗಾರೆ ಇನ್ನೂ ಹಸಿ ಇದೆ, ಎದ್ದು ಹೋಗಿ ಒರೆಸಬಹುದು. ಇಷ್ಟುದ್ದ ಕಾಗದ ಬರೆಯುತ್ತಾ ಕೂತಿರುವುದು ಅದು ಒಣಗಲಿ ಎಂದೇ ಇರಬೇಕು.