ಕೊಯ್ಯದ ಗಾಯವೂ ಗಾಯವೇ

ಕುಮಾರಸ್ವಾಮಿ ಲೇಔಟ್
೧೩ ಸೆಪ್ಟೆಂಬರ್ ೨೦೦೪

ಪ್ರೀತಿಯ ಪಾರವ್ವ,

ಗಾರ್ಮೆಂಟ್ಸ್ ಫ್ಯಾಕ್ಟರಿಯವರು ಕೊಡುತ್ತೇವೆಂದದ್ದು: ಖಾಸಗಿ ಆಸ್ಪತ್ರೆಯಲ್ಲಿ ಆಪರೇಷನ್, ರಜೆಯ ಸಂಬಳ, ವಾಪಸು ಬಂದರೆ ಅದೇ ಮಷೀನು. ಕೊಟ್ಟದ್ದು: ಏನೂ ಇಲ್ಲ. ನಾನು ಬಿದ್ದ ದಿನ ಒಂದು ಆಟೋ ಕೂಡ ಕರೆಸಲಿಲ್ಲ.

ನೀನೂ ಮಗಳೂ ಆರಾಮವೆಂದು ನಂಬಿದ್ದೇನೆ. ಬರೆಯಲು ತಡವಾಯಿತು. ಕಾಲಿನ ಜೊತೆ ಸಿಟ್ಟೂ ಊದಿಕೊಂಡಿತ್ತು. ಆಗಲೇ ಬರೆದಿದ್ದರೆ ಬರೀ ಬೈಗುಳವಾಗುತ್ತಿತ್ತು.

ಫ್ಯಾಕ್ಟರಿಯಲ್ಲಲ್ಲ, ಮನೆಯಲ್ಲಿ ಬಿದ್ದೆ ಎಂದು ಹೇಳಿದರೆ ಮಾತ್ರ ಆಪರೇಷನ್ ಅಂತೆ. ನಾನು ಒಪ್ಪಲಿಲ್ಲ. ನಿನಗೆ ಗೊತ್ತೇ ಇದೆ, ನಮ್ಮ ಇಡೀ ಲೈನಿನ ಹೆಂಗಸರಿಗೆ ಕಕ್ಕಸಿಗೆ ಹೋಗಲು ಒಂದೇ ಟೋಕನ್, ಒಬ್ಬಳು ತಂದುಕೊಡುವ ತನಕ ಇನ್ನೊಬ್ಬಳು ಹೋಗುವಂತಿಲ್ಲ. ಅದಕ್ಕೇ ಓಡಿದೆ. ಒದ್ದೆ ಮೆಟ್ಟಿಲಲ್ಲಿ ಪಾದ ಹೊರಳಿ ಕೀಲನ್ನು ಹಿಡಿದಿಡುವ ಎರಡು ಲಿಗಮೆಂಟು ಹರಿದವು.

ನನ್ನ ಉತ್ತರ ಕೇಳಿದ ಮೇಲೆ ಮ್ಯಾನೇಜರ್ ಚಕ್ರಪಾಣಿ ವರಸೆ ಬದಲಿಸಿದ. ಇಷ್ಟಕ್ಕೆಲ್ಲ ಆಪರೇಷನ್ ಯಾಕೆ, ಪಟ್ಟಿ ಬಿಗಿದರೆ ಹೋಗುವ ನೋವು ಎಂದ. ನಮ್ಮ ಸಂಘದ ಚನ್ನವೀರ ಆಪರೇಷನ್ನೇ ಆಗಬೇಕೆಂದು ಹಟ ಹಿಡಿದ. ಪಟ್ಟಿ ಹಾಕಿಕೊಂಡರೆ ಚಕ್ರಪಾಣಿಯ ಮಾತೇ ಗೆದ್ದಂತಂತೆ.

"ಹೊಲಿಗಿ ಗುರ್ತ ಇದ್ರ ಲೇಬರ್ ಆಫೀಸಿನ ಸಾಹೇಬ್ರ ಕಣ್ಣಿಗಿ ಬೀಳ್ತೈತಿ, ಅಕ್ಕಾ."

"ನನ್ನ ಕಾಲು ನಿಮ್ಮ ಬ್ಯಾನರ್ ಅಲ್ಲೋ ತಮ್ಮಾ," ಎಂದೆ. ಮುನಿಸಿಕೊಂಡು ಎದ್ದು ಹೋದ. ಆಮೇಲೆ ತಾನೇ ಊರುಗೋಲು ತಂದುಕೊಟ್ಟ.

ಸರ್ಕಾರಿ ಆಸ್ಪತ್ರೆಯ ಡಾಕ್ಟರ್ ಸತ್ಯಭಾಮಾ ಎರಡನ್ನೂ ಪಕ್ಕಪಕ್ಕ ಇಟ್ಟು ಹೇಳಿದರು. ಕೊಯ್ದು ಹೊಲಿದರೆ ಕೀಲು ಗಟ್ಟಿ ನಿಲ್ಲಬಹುದು, ಆದರೆ ಸೋಂಕು, ಜೋಮು, ಬಿಗಿತದ ಭಯವುಂಟು. ಪಟ್ಟಿ ಹಾಕಿ, ಬೇಗನೆ ಪಾದ ಆಡಿಸುತ್ತ ವ್ಯಾಯಾಮ ಮಾಡಿದರೆ ಹೆಚ್ಚಿನವರು ಅಷ್ಟೇ ಚೆನ್ನಾಗಿ ನಡೆಯುತ್ತಾರೆ. ಕೆಲವರಿಗೆ ಮಾತ್ರ ಮತ್ತೆ ಮತ್ತೆ ಹೊರಳುತ್ತದೆ.

"ಹೊರಳ್ತಾನೇ ಇದ್ರೆ ಆಮೇಲೆ ಆಪರೇಷನ್ ಮಾಡೋಣ. ಈಗ್ಲೇ ಕೊಯ್ಯೋಕೆ ಅವಸರ ಏನಮ್ಮ?"

ಪಟ್ಟಿಯನ್ನೇ ಆರಿಸಿಕೊಂಡೆ. ಚಕ್ರಪಾಣಿ ಹೇಳಿದನೆಂದಲ್ಲ. ನಾಳೆ ಮಷೀನಿನ ಪೆಡಲು ತುಳಿಯಬೇಕಾದ ಕಾಲು ನನ್ನದು, ತೀರ್ಮಾನವೂ ನನ್ನದು. ಪಟ್ಟಿ ಕಂಡು ಗಾಯ ಸಣ್ಣದೆನ್ನುವವರಿಗೆ ಲೇಬರ್ ಆಫೀಸಿನಲ್ಲಿ ನಿಂತೇ ಉತ್ತರ ಕೊಡುತ್ತೇನೆ. ದಿನಾ ಗೋಡೆ ಹಿಡಿದು ಹಿಮ್ಮಡಿ ಎತ್ತುತ್ತೇನೆ. ಕೆಳಮನೆಯ ಲಕ್ಷ್ಮಮ್ಮ ಡ್ಯಾನ್ಸ್ ಕ್ಲಾಸು ಯಾವಾಗ ಶುರು ಮಾಡಿದೆ ಎಂದು ರೇಗಿಸುತ್ತಾಳೆ.

ನಿನ್ನ ಮಗಳಿಗೆ ನನ್ನ ಆಶೀರ್ವಾದ. ಯಾರ ಅಪ್ಪಣೆಗೂ ಕಾಯದೆ ಎದ್ದು ನಡೆಯುವ ಹೆಣ್ಣಾಗಲಿ.

ನಿನ್ನ
ಅನ್ನಪೂರ್ಣ

ತಾ.ಕ.: ಅಂದು ಮೆಟ್ಟಿಲ ಮೇಲೆ ನನ್ನ ತಲೆ ನಿನ್ನ ಮಡಿಲಲ್ಲಿತ್ತು, ಪಾರವ್ವ. ನಾನು ಬಿದ್ದದ್ದನ್ನು ಕಂಡೆಯಾ ಎಂದು ಚಕ್ರಪಾಣಿ ಕೇಳಿದಾಗ ನೀನು "ನಾ ನೋಡಿಲ್ರಿ" ಅಂದೆ. ಮರುವಾರವೇ ನಿನ್ನನ್ನು ಬಡ್ತಿ ಕೊಟ್ಟು ಬಿಟಿಎಂ ಘಟಕಕ್ಕೆ ಬಟ್ಟೆ ತಪಾಸಿಸುವ ಚೆಕರ್ ಮಾಡಿ ಕಳಿಸಿದರು. ನೀನು ಹೆದರಿದ್ದೆ, ಗೊತ್ತು. ಆದರೂ ಕ್ಷಮಿಸಿದೆನೆಂದು ಬರೆಯಲು ಕೈ ಬರುತ್ತಿಲ್ಲ. ನೋಡಿದ್ದನ್ನು ಎಲ್ಲರೆದುರು ಬಂದು ಹೇಳು. ಸಂಘದ ಸಭೆ ಯಡಿಯೂರು ಕೆರೆಯ ಏರಿಯ ಮೇಲೆ, ಬರುವ ಭಾನುವಾರ, ಬೆಳಿಗ್ಗೆ ಹತ್ತು ಗಂಟೆಗೆ.