ಒಂಬತ್ತನೇ ಸೀಟು

ಸೆಪ್ಟೆಂಬರ್ 2, ಶನಿವಾರ. ಸಂಜೆ

ಥರ್ಮಾಸಿನಲ್ಲಿ ಇನ್ನೂ ಅರ್ಧ ಕಾಫಿ ಇದೆ. ಸಿಂಕಿಗೆ ಸುರಿಯಲು ಮನಸ್ಸಿಲ್ಲ. ಬಿಸಿ ಮಾಡಿ ಕುಡಿಯುತ್ತ ಬರೆಯುತ್ತಿದ್ದೇನೆ.

ಗೆದ್ದೆವು. 31–10. ನಮ್ಮೂರ ಕಾಲೇಜಿನ ಅಮೆರಿಕನ್ ಫುಟ್‌ಬಾಲ್ ತಂಡಕ್ಕೆ ಸೀಸನ್ನಿನ ಮೊದಲ ಪಂದ್ಯ. ಚೆಂಡು ಎಸೆಯುವ ಹೊಸ ಕ್ವಾರ್ಟರ್‌ಬ್ಯಾಕ್ ಹುಡುಗನ ತೋಳು ಪರವಾಗಿಲ್ಲ. ಚೆಂಡು ದೂರ ಹೋಗುತ್ತದೆ, ಎಲ್ಲಿಗೆ ಎನ್ನುವುದು ಬೇರೆ ಮಾತು.

ವೆಂಡಲ್ ಬರಲಿಲ್ಲ. ಸ್ಟೇಡಿಯಂನಲ್ಲಿ ನನ್ನ ಪಕ್ಕದ ಅವರ ಒಂಬತ್ತನೇ ಸೀಟು ಕೊನೆಯವರೆಗೂ ಖಾಲಿ. ಹತ್ತೊಂಬತ್ತು ವರ್ಷದಲ್ಲಿ ಎರಡೇ ಸಲ ತಪ್ಪಿಸಿದ್ದರು — ಹೆಂಡತಿ ತೀರಿಕೊಂಡ ವಾರ, ಮೊಣಕಾಲಿನ ಆಪರೇಷನ್ ವಾರ. ಎರಡೂ ಸಲ, ಬರಲಾಗದಿರಬಹುದು ಎಂದು ಹಿಂದಿನ ಪಂದ್ಯದಲ್ಲೇ ಹೇಳಿದ್ದರು.

ನೆಗಡಿ ಇರಬಹುದು.

ಸೆಪ್ಟೆಂಬರ್ 16, ಶನಿವಾರ

ಇವತ್ತೂ ಇಲ್ಲ. 20–17, ಗೆದ್ದೆವು. ಗೆಲುವಿನ ಟಚ್‌ಡೌನ್ ಆದಾಗ ಎದ್ದು ನಿಂತು ಎಡಗಡೆಗೆ ತಿರುಗಿ "ನೋಡಿದ್ರಾ!" ಅಂದೆ. ಖಾಲಿ ಬೆಂಚು. ಹಿಂದಿನ ಸಾಲಿನವಳು ತನಗೆ ಹೇಳಿದೆನೆಂದುಕೊಂಡು ನಕ್ಕಳು. ನಾನೂ ನಕ್ಕೆ.

ಸೆಪ್ಟೆಂಬರ್ 18, ಸೋಮವಾರ

ಶಾಲೆಯ ಅಡುಗೆಮನೆ. ನಾನೂರು ಮಕ್ಕಳಿಗೆ ಆಲೂಗಡ್ಡೆ. ಸುಲಿಯುತ್ತ, ಜೊತೆಗೆ ಕೆಲಸ ಮಾಡುವ ಬೆವ್‌ಗೆ ವೆಂಡಲ್ ಬಾರದ ವಿಷಯ ಹೇಳಿದೆ.

"ಫೋನ್ ಮಾಡಿ ಕೇಳೇ."

"ನಂಬರ್ ಇಲ್ಲ."

"ಮನೆ?"

"ಗೊತ್ತಿಲ್ಲ. ಪೂರ್ವಕ್ಕೆಲ್ಲೋ ಹೊಲ ಇದೆ ಅಂತಿದ್ರು."

"ಪೂರ್ತಿ ಹೆಸರಾದ್ರೂ?"

ಇನ್ನೊಂದು ಆಲೂಗಡ್ಡೆ ಎತ್ತಿಕೊಂಡೆ. ಬೆವ್ ಚಾಕು ಕೆಳಗಿಟ್ಟಳು. "ಅಡ್ಡಹೆಸರೇ ಗೊತ್ತಿಲ್ದಿರೋ ಗಂಡಸಿಗೆ ಹತ್ತೊಂಬತ್ತು ವರ್ಷ ಕಾಫಿ ಕುಡಿಸಿದ್ಯಾ, ಆರ್ಲೀನ್?"

ಎಲ್ಲರೂ ನಕ್ಕರು. ನಗುವಂಥದ್ದೇ.

ಆದರೆ ವೆಂಡಲ್ ಬಗ್ಗೆ ಗೊತ್ತಿರುವುದು ಕಡಿಮೆಯೇನಲ್ಲ. ಹಾಟ್‌ಡಾಗಿಗೆ ಸಾಸಿವೆ ಹಾಕಿಸುವುದಿಲ್ಲ. ರೆಫರಿಗೆ ಬೈಯುವಾಗಲೂ 'ಸ್ವಾಮಿ' ಅನ್ನುತ್ತಾರೆ. ಗಂಡ ರಾಯ್ ನನ್ನನ್ನು ಬಿಟ್ಟುಹೋದ ವರ್ಷ, ನನ್ನ ಹತ್ತನೇ ಸೀಟಿನ ಪಕ್ಕ ಅವನ ಹನ್ನೊಂದನೆಯದು ಖಾಲಿ ಬಿದ್ದಾಗ, ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ತಮ್ಮ ಕಂಬಳಿಯ ಅರ್ಧ ನನ್ನ ಮಂಡಿಯ ಮೇಲೆ ಎಳೆದು, ಆಟ ನೋಡಿದರು. ಅಷ್ಟೇ. ಆಮೇಲೆ ಪ್ರತಿ ಚಳಿಗೂ ಹಾಗೇ.

ಸೀಟು ಬಿಟ್ಟರೆ ಬೇರೆಲ್ಲೂ ಭೇಟಿಯಾಗಿಲ್ಲ. ವರ್ಷಕ್ಕೆ ಆರೋ ಏಳೋ ಶನಿವಾರ.

ಅಕ್ಟೋಬರ್ 7, ಶನಿವಾರ

ಒಂಬತ್ತರಲ್ಲಿ ಒಬ್ಬ ಹುಡುಗಿ! ಕಾಲೇಜಿನವಳು, ಕೆನ್ನೆಗೆ ಬಣ್ಣ. ನಾನು ಕೂರುವ ಮೊದಲೇ ಹೇಳಿಬಿಟ್ಟೆ.

"ಇದು ವೆಂಡಲ್ ಸೀಟು."

"ಹೌದು ಆಂಟಿ. ನಮ್ಮನೆ ಪಕ್ಕದ ಹೊಲ ಅವರ್ದು. ಅವರಿನ್ನು ಬರಲ್ವಂತೆ, ನನಗೆ ಕೊಟ್ರು." ನನ್ನ ಮುಖ ನೋಡಿ ದನಿ ಇಳಿಸಿದಳು. "ಬದುಕಿದಾರೆ, ಆಂಟಿ. ಕಣ್ಣು ಹೋಗಿದೆ ಅಷ್ಟೇ."

ಅಷ್ಟೇ.

ಓಸ್ಟರ್‌ಹಾಸ್. ವೆಂಡಲ್ ಓಸ್ಟರ್‌ಹಾಸ್. ನಂಬರನ್ನು ಅವಳೇ ಟಿಕೆಟಿನ ಹಿಂದೆ ಬರೆದುಕೊಟ್ಟಳು.

ಸ್ಕೋರು ನೆನಪಿಲ್ಲ. ಸೋತೆವು.

ಅಕ್ಟೋಬರ್ 8, ಭಾನುವಾರ

ಮೂರು ಸಲ ನಂಬರ್ ಒತ್ತಿ ಇಟ್ಟುಬಿಟ್ಟೆ. ನಾಲ್ಕನೇ ಸಲಕ್ಕೆ ಎತ್ತಿದರು.

"ನಾನು, ಹತ್ತನೇ ಸೀಟು."

ಕುರ್ಚಿ ಎಳೆದು ಕೂತ ಸದ್ದು. ಆಮೇಲೆ — "ನಿನ್ನೆ ಮೂರನೇ ಕ್ವಾರ್ಟರಲ್ಲಿ ಆ ಪಾಸು ಯಾಕೆ ಎಸೆದ ಅವನು?"

"ದೇವರಿಗೇ ಗೊತ್ತು."

ಬೇಸಿಗೆಯಲ್ಲಿ ನೋಟದ ನಡುಭಾಗ ಮಸುಕಾಯಿತಂತೆ. ಈಗ ಅಂಚಿನಲ್ಲಿ ಬೆಳಕು, ನೆರಳು. ಅಷ್ಟೇ ಉಳಿದಿದೆ. ನಾನು ಕರೆದುಕೊಂಡು ಹೋಗುತ್ತೇನೆ, ಆಟ ಹೇಳುತ್ತೇನೆ ಅಂದೆ.

"ಬೇಡ ಕಣಮ್ಮ. ಜನ ಎಲ್ಲ ಎದ್ದು ಕೂಗ್ತಾ ಇರೋವಾಗ ಕೂತ್ಕೊಂಡು 'ಏನಾಯ್ತು, ಏನಾಯ್ತು' ಅಂತ ಕೇಳೋ ಮುದುಕ ಆಗೋಕೆ ನಂಗಿಷ್ಟ ಇಲ್ಲ. ರೇಡಿಯೋ ಇದೆ."

ಒತ್ತಾಯ ಮಾಡಲಿಲ್ಲ. ಮಾಡಬೇಕಿತ್ತೇನೋ.

ನವೆಂಬರ್ 16, ಗುರುವಾರ

ಶನಿವಾರ ಕಾರ್ವರ್ ಕಾಲೇಜಿನ ಎದುರು ಪಂದ್ಯ. ವರ್ಷವಿಡೀ ಸೋತರೂ ಸರಿ, ಇದೊಂದು ಗೆಲ್ಲಬೇಕು. ಇಲ್ಲಿ ಹುಟ್ಟಿದವರಿಗೆಲ್ಲ ಹಾಗೇ. ಹತ್ತೊಂಬತ್ತು ವರ್ಷದಲ್ಲಿ ನಾನು ಈ ಪಂದ್ಯ ಒಮ್ಮೆಯೂ ತಪ್ಪಿಸಿಲ್ಲ.

ನನ್ನ ಟಿಕೆಟನ್ನು ಬೆವ್‌ಗೆ ಕೊಟ್ಟೆ. "ಜ್ವರಾನಾ?" ಅಂತ ಹಣೆ ಮುಟ್ಟಿ ನೋಡಿದಳು.

ನವೆಂಬರ್ 18, ಶನಿವಾರ. ಸಂಜೆ ಆರು

ವೆಂಡಲ್ ಮನೆಗೆ ನಲವತ್ತು ಮೈಲಿ. ಎರಡೂ ಕಡೆ ಕೊಯ್ದ ಮೆಕ್ಕೆಜೋಳದ ಹೊಲ. ಎದುರಿನಿಂದ ಬಾವುಟ ಕಟ್ಟಿದ ಕಾರುಗಳು ಸಾಲಾಗಿ ಸ್ಟೇಡಿಯಂ ಕಡೆಗೆ. ನಾನೊಬ್ಬಳೇ ಉಲ್ಟಾ.

ಫೋನಿನಲ್ಲಿ ಹೇಳಿಯೇ ಹೊರಟಿದ್ದೆ; ವೆಂಡಲ್ ಬಾಗಿಲಲ್ಲೇ ನಿಂತಿದ್ದರು. ತಂಡದ ಹಸಿರು ಕೋಟು, ಗುಂಡಿ ಒಂದು ಕಾಜ ತಪ್ಪಿ ಹಾಕಿದ್ದು. ನಾನು ಸರಿಮಾಡಲಿಲ್ಲ. ಮನೆಯಲ್ಲಿ ನೋಡಿದರೆ ಚಿಕ್ಕವರಾಗಿ ಕಾಣುತ್ತಾರೆ. ಅಡುಗೆಮನೆಯ ಮೇಜು, ಎರಡು ಕುರ್ಚಿ. ರೇಡಿಯೋ ಅವರಿಗೆ, ದನಿ ಮುಚ್ಚಿದ ಟಿವಿ ನನಗೆ.

ಮೊದಲ ಹತ್ತು ನಿಮಿಷಕ್ಕೇ ತಕರಾರು. ಟಿವಿ ಚಿತ್ರ ರೇಡಿಯೋಗಿಂತ ಏಳೆಂಟು ಸೆಕೆಂಡ್ ಹಿಂದೆ. ನನ್ನ ಪರದೆಯಲ್ಲಿ ಹುಡುಗರು ಇನ್ನೂ ಬಗ್ಗಿ ನಿಂತಿದ್ದಾರೆ, ಇವರು ಮೇಜು ಗುದ್ದಿ "ಟಚ್‌ಡೌನ್!"

"ಕಣ್ಣು ಕಾಣೋಳು ನಾನು. ಮೊದ್ಲು ನೋಡೋರು ನೀವು!"

"ಇನ್ಮೇಲೆ ನನ್ನ ಕೇಳು. ಭವಿಷ್ಯ ಹೇಳ್ತೀನಿ."

"ನೀವು ಬಾಯ್ಬಿಟ್ರೆ ನಾನು ನೋಡೋಕೆ ಏನುಳೀತು?"

ಎಷ್ಟು ನಕ್ಕೆವೆಂದರೆ ಕಾರ್ವರ್‌ನವರ ಒಂದು ಟಚ್‌ಡೌನ್ ಇಬ್ಬರಿಗೂ ತಪ್ಪಿಹೋಯಿತು. ಒಳ್ಳೆಯದೇ ಆಯಿತು.

14–14. 17–21. 20–21. 20–24. ನಾನು ಉಗುರು ಕಚ್ಚುತ್ತಿದ್ದೆ, ಅವರು ಟವೆಲ್ ಹಿಂಡುತ್ತಿದ್ದರು. ನಮಗೆ ಮತ್ತೆ ಮೂರು ಪಾಯಿಂಟ್. 23–24. ಕಾರ್ವರ್‌ನವರು ಚೆಂಡು ಕೈಬಿಟ್ಟರು, ನಮ್ಮ ಹುಡುಗರು ಅದರ ಮೇಲೆ ಬಿದ್ದರು. ಉಳಿದದ್ದು ನಾಲ್ಕು ಸೆಕೆಂಡ್, ಒಂದೇ ಒದೆತ. ನಲವತ್ತೊಂದು ಗಜ ದೂರದಿಂದ ಎರಡು ಕಂಬಗಳ ನಡುವೆ ಹೋದರೆ ಗೆದ್ದೆವು.

ಆಗ ವೆಂಡಲ್ ಕೈಚಾಚಿ ತಡಕಾಡಿ ರೇಡಿಯೋ ಆರಿಸಿಬಿಟ್ಟರು.

"ಯಾಕೆ?!"

"ಇದೊಂದು ಒಟ್ಟಿಗೆ ನೋಡೋಣ. ನೀನು ಹೇಳು."

ಫ್ರಿಜ್ಜಿನ ಸದ್ದು ಮಾತ್ರ. ಹೇಳತೊಡಗಿದೆ. ಒದೆಯುವ ಹುಡುಗ ಎರಡು ಹೆಜ್ಜೆ ಹಿಂದೆ ಹೋದ. ಎಡಕ್ಕೊಂದು. ಎದೆ ಮುಟ್ಟಿಕೊಂಡ. ಗಾಳಿ ಬಲಕ್ಕೆ, ಕಂಬದ ಮೇಲಿನ ಪಟ್ಟಿ ಹಾರುತ್ತಿದೆ. ಚೆಂಡು ಬಂತು. ಒದ್ದ. ಮೇಲೆ ಹೋಯ್ತು, ವೆಂಡಲ್, ಮೇಲೆ, ನೇರ, ನೇರವಾಗಿದೆ...

ಬಲಗಂಬಕ್ಕೆ ಬಡಿಯಿತು. ಹೊರಗೆ.

ಇದನ್ನು ನಾನಿನ್ನೂ ಹೇಳಿರಲಿಲ್ಲ. ಅವರು ಮುಖ ನನ್ನತ್ತ ಮಾಡಿ, ಕಣ್ಣು ನನ್ನ ಭುಜದಾಚೆ ಎಲ್ಲೋ ನೆಟ್ಟು, ತುಟಿ ಸ್ವಲ್ಪ ತೆರೆದು ಕಾಯುತ್ತಿದ್ದರು. ಈ ಭೂಮಿಯಲ್ಲಿ ಅವರಿಗೊಬ್ಬರಿಗೆ ಮಾತ್ರ ನಾವಿನ್ನೂ ಸೋತಿರಲಿಲ್ಲ. 'ಹೋಯ್ತು' ಎಂದುಬಿಡಲೇ ಅನ್ನಿಸಿತು. ಒಂದು ಕ್ಷಣ. ನಿಜಕ್ಕೂ ಅನ್ನಿಸಿತು.

"ಏನಾಯ್ತು?" — ಕೇಳಲು ಇಷ್ಟವಿಲ್ಲ ಅಂದಿದ್ದ ಅದೇ ಮಾತು.

"ಕಂಬ."

ಉಸಿರು ಬಿಟ್ಟರು. "ಯಾವುದು?"

"ಬಲಗಡೇದು. ಎಷ್ಟು ಹತ್ರ ಅಂದ್ರೆ... ಒಂದು ಬೆರಳು. ಬಡಿದು ಒಂದು ಸಲ ಮೇಲೆ ಹಾರಿ, ಯೋಚ್ನೆ ಮಾಡೋ ಹಾಗೆ ನಿಂತು, ಆಮೇಲೆ ಹೊರಗೆ ಬಿತ್ತು."

"ಹುಡುಗ?"

"ಮಂಡಿಯೂರಿ ಕೂತಿದಾನೆ. ಕಾರ್ವರ್ ಹುಡುಗನೊಬ್ಬ ಬಂದು ಎಬ್ಬಿಸ್ತಿದಾನೆ."

"ರೇಡಿಯೋದವ್ನು ಇದನ್ನ ಹೇಳ್ತಿರ್ಲಿಲ್ಲ," ಅಂದರು. ಟವೆಲ್ಲಿಂದ ಮುಖ ಒರೆಸಿಕೊಂಡರು. ನಾನು ಲೋಟ ತೊಳೆಯಲು ಎದ್ದೆ, ಬೆನ್ನು ಮಾಡಿ.

ಹೊರಡುವಾಗ ಇಬ್ಬರಿಗೂ ಏನು ಹೇಳಬೇಕೋ ತಿಳಿಯಲಿಲ್ಲ. ಸೀಸನ್ ಮುಗಿಯಿತು. ಸ್ಟೇಡಿಯಂನಲ್ಲಾದರೆ "ಬರೋ ವರ್ಷ ಸಿಗೋಣ" ಅಂದು ಬೇರೆ ಬೇರೆ ಗೇಟಿಗೆ ಹೋಗುತ್ತಿದ್ದೆವು. ಅದನ್ನೇ ಹೇಳಿ ಬಂದೆ.

ದಾರಿಯುದ್ದಕ್ಕೂ ನನ್ನನ್ನೇ ಬೈದುಕೊಂಡೆ.

ನವೆಂಬರ್ 25, ಶನಿವಾರ

ಪಂದ್ಯವಿಲ್ಲ. ಬಟ್ಟೆ ಒಗೆದಾಯಿತು. ಒಲೆ ಒರೆಸಿದೆ, ಕೊಳೆಯಿಲ್ಲದಿದ್ದರೂ. ಗಂಟೆ ಇನ್ನೂ ಹನ್ನೊಂದು.

ಆಟವೇ ಇಲ್ಲದ ದಿನ ಏನೆಂದು ಫೋನ್ ಮಾಡುವುದು?

ಮಾಡಿದೆ. ಎತ್ತಿದರು. ಕಾರಣ ಹೇಳಲು ಹೋಗಿ ತಡವರಿಸಿದೆ.

"ಯಾರ್ ಗೆದ್ರು?" ಅಂದರು.

"ಇವತ್ತು ಆಟ ಇಲ್ವಲ್ಲ, ವೆಂಡಲ್."

"ಗೊತ್ತು ಕಣಮ್ಮ. ಕಿಟಕೀಲಿ ಏನು ಕಾಣತ್ತೆ, ಅದನ್ನೇ ಹೇಳು."

ಎದುರು ಮನೆಯವನು ಮೇಪಲ್ ಎಲೆ ಬಾಚಿ ಗುಡ್ಡೆ ಹಾಕುತ್ತಿದ್ದ. ಅವನ ನಾಯಿ ಪೊದೆಯ ಹಿಂದೆ ಹೊಂಚು ಹಾಕಿತ್ತು. ಹೇಳಿದೆ. ನಾಯಿ ಎಡಕ್ಕೆ ಸರಿಯಿತು. ಅವನು ಬೆನ್ನು ತಿರುಗಿಸಿದ. ನಾಯಿ ಓಡಿತು, ವೆಂಡಲ್, ಹತ್ತು ಗಜ, ಐದು ಗಜ...

"ಸ್ವಾಮೀ, ಹಿಡೀರಿ ಅದನ್ನ!" ಅಂತ ಆ ಕಡೆಯಿಂದ ಕೂಗು.

ಅರ್ಧ ಗಂಟೆ ಮಾತಾಡಿದೆವು. ಇಟ್ಟ ಮೇಲೆ ಇದನ್ನು ಬರೆಯಲು ಕೂತೆ. ಈಗ ಎದುರಿನವನು ಮತ್ತೆ ಹೊರಗೆ ಬಂದ, ಈ ಸಲ ಹೆಂಡತಿಯೂ ಜೊತೆಗೆ. ನಾಯಿ ಕಾಣಿಸುತ್ತಿಲ್ಲ. ಇಲ್ಲ, ಅದೋ, ಕಾರಿನ ಕೆಳಗೆ — ಫೋನ್ ಎಲ್ಲಿಟ್ಟೆ