ರಜೆಗೆ ಮುಂಚೆ ಕೆಟ್ಟ ಮಖಮಲ್ಲು

ತಾರೀಖು ೮, ಸೋಮವಾರ ಸಂಜೆ

ನನ್ನ ಪ್ರೀತಿಯ ಅಕ್ಕ,

ಫೋನ್ ಮಾಡಿದರೆ ನೀನು ಎರಡೇ ಮಾತಿನಲ್ಲಿ ನನ್ನ ಬಾಯಿ ಬಿಡಿಸಿಬಿಡುತ್ತೀಯ, ಅದಕ್ಕೇ ಈ ಕಾಗದ. ಮೊದಲೇ ಹೇಳಿಬಿಡುತ್ತೇನೆ, ಇಪ್ಪತ್ತೆರಡಕ್ಕೆ ನನ್ನ ಆಪರೇಷನ್ ಇಲ್ಲ. ನೀನು ಹೊರಟು ಬರಬೇಡ. ನನ್ನ ಆರೈಕೆಗೆಂದು ನಿಮ್ಮ ಶಾಲೆಯಲ್ಲಿ ಕಾಡಿ ಬೇಡಿ ಪಡೆದ ರಜೆಯನ್ನು ವಾಪಸ್ ಕೊಟ್ಟುಬಿಡು. ಬೈಯಬೇಡ, ಪೂರ್ತಿ ಓದು.

ಗರ್ಭಕೋಶದ ಗಡ್ಡೆ ತೆಗೆಸಲೇಬೇಕು, ರಕ್ತ ಹೋಗಿ ಹೋಗಿ ಮೈಯಲ್ಲಿ ಏನೂ ಉಳಿದಿಲ್ಲ ಎಂದು ಡಾಕ್ಟರಮ್ಮ ಹೇಳಿದ್ದು ನಿನಗೆ ಗೊತ್ತು. ದಿನ ಗೊತ್ತಾದ ಕೂಡಲೇ ಕಾರ್ಖಾನೆಯ ಯಜಮಾನರ ಮುಂದೆ ಹೋಗಿ ನಿಂತೆ. ಅವರು ನಕ್ಕುಬಿಟ್ಟರು. "ಜ್ವರ ಬಂತು, ಮಲಗಿದೆ ಅಂದ್ರೆ ಅದು ಕಾಯಿಲೆ. ನೀನು ಮುಹೂರ್ತ ಇಟ್ಕೊಂಡು ಬಂದಿದ್ದೀಯಲ್ಲಮ್ಮ, ಇದು ಕಾಯಿಲೆ ರಜೆ ಹೇಗಾಗುತ್ತೆ?" ಅಂದರು. ಹೀಗೆ ದಿನ ಗೊತ್ತುಮಾಡಿಕೊಂಡು ಹೋಗುವವರು ತಮ್ಮ ಜಾಗಕ್ಕೆ ಒಬ್ಬರನ್ನು ತಯಾರು ಮಾಡಿಯೇ ಹೋಗಬೇಕು. ನಮ್ಮ ಹೊಲಿಗೆ ಕಾರ್ಖಾನೆಯ ಪದ್ಧತಿ ಅದು. ಇಸ್ತ್ರಿಯವಳು ಕಣ್ಣಿನ ಆಪರೇಷನ್ನಿಗೆ ಹಾಗೇ ಹೋದಳು. ಬರುವಷ್ಟರಲ್ಲಿ ಅವಳಿಂದ ಕಲಿತವಳೇ ಆ ಮೇಜಿಗೆ ಒಡತಿ. ಈಗ ಇಸ್ತ್ರಿಯವಳು ಮೂಲೆಯಲ್ಲಿ ಕೂತು ಅಂಗಿಗಳಲ್ಲಿ ಉಳಿದ ದಾರದ ತುದಿ ಕತ್ತರಿಸುತ್ತಾಳೆ.

ಬಟ್ಟೆ ಕತ್ತರಿಸುವ ನನ್ನ ಮೇಜಿಗೆ ನಾನು ಕಾಲರಮ್ಮನನ್ನು ಆರಿಸಿದೆ. ಕಾಲರ್ ಹೊಲಿದೂ ಹೊಲಿದೂ ಅವಳಿಗೆ ಆ ಹೆಸರೇ ನಿಂತಿದೆ. ಬಟ್ಟೆ ಪದರ ಪದರವಾಗಿ ಹಾಸುವುದು, ಗುರುತು ಹಾಕುವುದು, ಕತ್ತರಿಸುವ ಮಿಷನ್ ಹಿಡಿಯುವುದು, ಎಲ್ಲ ಕಲಿಸಿದೆ. ಎರಡನೇ ವಾರಕ್ಕೇ ನನಗಿಂತ ಚೆನ್ನಾಗಿ ಹಾಸತೊಡಗಿದಳು. ಯಜಮಾನರು ಬಂದು, ನಿಂತು ನೋಡಿ, ತಲೆಯಾಡಿಸಿ ಹೋದರು. ಅವತ್ತು ನನಗೆ ಊಟ ಸೇರಲಿಲ್ಲ.

ಶುಕ್ರವಾರ ನಾನು ರಕ್ತ ಪರೀಕ್ಷೆಗೆ ಹೋಗಿದ್ದಾಗ ಕೋಟುಗಳಿಗೆಂದು ನೀಲಿ ಮಖಮಲ್ಲು ಬಂತು. ಅವಳೊಬ್ಬಳೇ ಕತ್ತರಿಸಿದಳು. ಹೊಲಿದು ತೂಗುಹಾಕಿದರೆ ಒಂದು ತೋಳು ಕಡುನೀಲಿ, ಇನ್ನೊಂದು ಮಾಸಿದ ನೀಲಿ! ಒಂದೇ ಬಟ್ಟೆ, ಎರಡು ಬಣ್ಣ. ಇಡೀ ಸರಕು ಹಾಳು. ಯಜಮಾನರು ಕೆಂಡಾಮಂಡಲವಾದರು. ಅವಳನ್ನು ಈ ವಾರವೇ ಮನೆಗೆ ಕಳಿಸುತ್ತಾರಂತೆ. ನನಗೆ, "ನೀನಿಲ್ದೆ ಆಗಲ್ಲಮ್ಮ. ಆಪರೇಷನ್ ಮುಂದಕ್ಕೆ ಹಾಕು, ಆರ್ಡರ್ ಮುಗೀಲಿ" ಅಂದರು. ಇಷ್ಟು ವರ್ಷದಲ್ಲಿ ಆ ಮಾತನ್ನು ಒಂದು ಸಲವೂ ಕೇಳಿರಲಿಲ್ಲ, ಅಕ್ಕ. ಒಂದು ಗಳಿಗೆ ಎದೆ ಉಬ್ಬಿತು. ಆಮೇಲೆ ಕಣ್ಣು ಕತ್ತಲೆ ಬಂದು ಗೋಡೆ ಹಿಡಿದು ಕೂತೆ.

ಕಾಲರಮ್ಮ ಅಳಲಿಲ್ಲ. ಹಾಳಾದ ತೋಳನ್ನು ತಿರುಗಿಸಿ ತಿರುಗಿಸಿ ನೋಡುತ್ತ, "ಎಲ್ಲಿ ತಪ್ಪಿದೆ, ಅದೊಂದು ಹೇಳಿ" ಅಂತ ಕೇಳಿದಳು. ಮಿಷನ್ನಿಗೆ ಎಣ್ಣೆ ಹಾಕುವ ನೆಪ ಮಾಡಿ ಎದ್ದೆ. ಹೊಸಬರು ಅಂದಮೇಲೆ ತಪ್ಪಾಗುತ್ತದೆ, ಅದಕ್ಕೆ ನಾನೇನು ಮಾಡಲಿ? ನನ್ನನ್ನು ಯಾಕೆ ಹಾಗೆ ನೋಡಬೇಕು?

ಈ ದಿನ ತಪ್ಪಿದರೆ ಆಸ್ಪತ್ರೆಯಲ್ಲಿ ಮತ್ತೆ ಸಾಲಿನ ಕೊನೆಗೆ. ಇರಲಿ, ತಡೆದುಕೊಳ್ಳುತ್ತೇನೆ. ಕೂತರೆ ನಿಲ್ಲಬೇಕೆನಿಸುತ್ತದೆ, ನಿಂತರೆ ಕೂರಬೇಕೆನಿಸುತ್ತದೆ. ಇಷ್ಟು ಬರೆಯುವುದರೊಳಗೆ ಎಷ್ಟು ಸಲ ಎದ್ದೆನೋ. ಭಾವನಿಗೆ ನೆನಪು ತಿಳಿಸು.

ನಿನ್ನ ತಂಗಿ,
ಪುಟ್ಟಿ

ತಾ.ಕ.: ಕಾಗದ ಇನ್ನೂ ಅಂಟಿಸಿರಲಿಲ್ಲ. ಇದು ಮಂಗಳವಾರ ಮಧ್ಯಾಹ್ನ. ಮಖಮಲ್ಲಿನ ಮೇಲೆ ಕೈಯಾಡಿಸಿದರೆ ಒಂದು ಕಡೆಗೆ ನಯ, ಇನ್ನೊಂದು ಕಡೆಗೆ ಒರಟು. ಎಲ್ಲ ತುಂಡುಗಳೂ ಒಂದೇ ದಿಕ್ಕಿಗೆ ಇರಬೇಕು, ಇಲ್ಲದಿದ್ದರೆ ಬಣ್ಣ ಬೇರೆಯಾಗಿ ಕಾಣುತ್ತದೆ. ಅದೊಂದನ್ನು ನಾನು ಅವಳಿಗೆ ಹೇಳಿರಲಿಲ್ಲ. ಮರೆತು ಅಲ್ಲ, ಬೇಕೆಂದೇ. ಇವತ್ತು ಬೆಳಿಗ್ಗೆ ಅವಳ ಎದುರಿಗೇ ಯಜಮಾನರಿಗೆ ಹೇಳಿಬಿಟ್ಟೆ. ಅವರು ಕೂಗಾಡಲಿಲ್ಲ. "ಹಾಗಾದ್ರೆ ಇನ್ನು ಹೇಳಿಕೊಡೋದು ಏನೂ ಉಳಿದಿಲ್ಲ ತಾನೇ? ಹೋಗಮ್ಮ, ನಿಧಾನವಾಗಿ ಬಾ" ಅಂದರು. ರಜೆ ಸಿಕ್ಕಿತು. ಮೇಜು ಅವಳದಾಯಿತು. ನಾನು ತಿರುಗಿ ಬಂದರೆ ದಾರ ಕತ್ತರಿಸುವ ಮೂಲೆಗೆ. ಹೊರಡುವಾಗ ಕಾಲರಮ್ಮ ಬಾಗಿಲವರೆಗೆ ಬಂದಳು. ನಾಲ್ಕು ಮಾತು ಅಂದುಬಿಡಲಿ ಎಂದು ನಿಂತೆ. "ಆಸ್ಪತ್ರೇಲಿ ನಿಮ್ಮ ಜೊತೆ ಯಾರಿರ್ತಾರೆ?" ಅಂತ ಕೇಳಿದಳು. ಇಷ್ಟು ದಿನದಲ್ಲಿ ಅಲ್ಲಿ ಅದನ್ನು ಕೇಳಿದವಳು ಅವಳೊಬ್ಬಳೇ. ನಮ್ಮಕ್ಕ ಬರ್ತಾಳೆ ಎಂದೆ. ಇದೊಂದಾದರೂ ಸುಳ್ಳಾಗದಿರಲಿ, ಅಕ್ಕ. ಬಾ.